ಡಿಸ್‌ಪ್ಲೇ ಬರ್ತಿಲ್ಲ

ಭರಣಿ ಮಳೆ ಹಿಡಿದ ವಾರ. ಸಾಗರದ ಕಡೆಯ ಒಂದು ಹಂಚಿನ ಮನೆ. ಜಗಲಿಗೆ ಹೊಂದಿಕೊಂಡ ಕೋಣೆಯೇ ಸ್ಟುಡಿಯೊ. ರಾತ್ರಿ ಒಂಬತ್ತರ ಹೊತ್ತಿಗೆ ಮದುವೆ ಆಲ್ಬಮ್ಮಿನ ಧಾರೆಯ ಪುಟ ಜೋಡಿಸುತ್ತ ಕೂತಿದ್ದ ಫೋಟೊಗ್ರಾಫರ್ ಕಿವಿಗೆ ಗುಡುಗು ಬಿತ್ತು. ಇನ್ನೂ ದೂರದಲ್ಲಿದೆ, ಇದೊಂದು ಪುಟ ಮುಗಿಸಿ ಏಳೋಣ ಎಂದುಕೊಂಡರು. ಅಷ್ಟರಲ್ಲಿ ಕಿಟಕಿಯಾಚೆ ತೋಟವೆಲ್ಲ ಬೆಳ್ಳಗಾಯಿತು. ಬೆನ್ನಿಗೇ ಸದ್ದು. ರೂಟರ್ ಇದ್ದ ಮೂಲೆಯಿಂದ ‘ಟಪ್’ ಎಂದು ಏನೋ ಸಿಡಿದ ಹಾಗಾಯಿತು. ಕರೆಂಟು ಹೋಗಿ ಎರಡೇ ಸೆಕೆಂಡಿಗೆ ವಾಪಸು ಬಂತು. ಬಲ್ಬು ಉರಿಯಿತು, ಸೀಲಿಂಗ್ ಫ್ಯಾನು ತಿರುಗಿತು. ಕಂಪ್ಯೂಟರ್ ಮಾತ್ರ ಏಳಲಿಲ್ಲ. ಬಟನ್ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ಹೊರಳಿ ನಿಂತುಬಿಡುತ್ತಿತ್ತು. ಪರದೆ ಕಪ್ಪು.

ಅವರು ಹತ್ತು ಸಲ ಬಟನ್ ಒತ್ತಿದರು. ಆಮೇಲೆ, ಆ ಕಂಪ್ಯೂಟರನ್ನು ಬಿಡಿ ಭಾಗ ತಂದು ಕಟ್ಟಿಕೊಟ್ಟಿದ್ದ ಅಕ್ಕನ ಮಗನಿಗೆ ಫೋನ್ ಮಾಡಿದರು. ಡಿಪ್ಲೊಮಾ ಓದುತ್ತಿದ್ದ ಹುಡುಗ ಮೊದಲು ಹೇಳಿದ್ದು ಇಷ್ಟೇ: “ಮಾವ, ಪ್ಲಗ್ ಕಿತ್ತುಬಿಡಿ. ಇನ್ನೊಂದ್ಸಲ ಬಟನ್ ಒತ್ತಬೇಡಿ. ಬೆಳಿಗ್ಗೆ ಬರ್ತೀನಿ.”

ಸಾಗರದ ಬದಲು ಪುತ್ತೂರು, ಶಿರಸಿ, ಹಾವೇರಿ, ಚಿಂತಾಮಣಿ ಎಂದು ಯಾವ ಊರಿನ ಹೆಸರು ಬರೆದರೂ ಕಥೆ ಹೆಚ್ಚು ಬದಲಾಗುವುದಿಲ್ಲ. ಏಪ್ರಿಲ್‌–ಮೇ ತಿಂಗಳಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರು ಬಾಗಿಲಲ್ಲೇ ಹೇಳುವ ಮಾತು ಒಂದೇ: ಡಿಸ್‌ಪ್ಲೇ ಬರ್ತಿಲ್ಲ. ಈ ಎರಡು ಪದದ ಹಿಂದೆ ಏನೇನೋ ಇರಬಹುದು. ಮಾನಿಟರಿನ ಅಡಾಪ್ಟರ್ ಸತ್ತಿರಬಹುದು, ರ್‍ಯಾಮ್ ಜಾಗ ಬಿಟ್ಟು ಸರಿದಿರಬಹುದು, ಮದರ್‌ಬೋರ್ಡೇ ಸುಟ್ಟಿರಬಹುದು. ಮೊದಲ ಎರಡಕ್ಕೆ ಖರ್ಚು ಅಲ್ಪ, ಮೂರನೆಯದಕ್ಕೆ ಸಾವಿರಾರು ರೂಪಾಯಿ. ಹೊರಗಿನಿಂದ ನೋಡುವವನಿಗೆ ಮೂರೂ ಒಂದೇ ಕಪ್ಪು ಪರದೆ. ಹೀಗಾಗಿ ಸುಮ್ಮನೆ ಹೆದರಿ ಇಡೀ ಯಂತ್ರವನ್ನೇ ಗುಜರಿಗೆ ಹಾಕುವವರೂ ಇದ್ದಾರೆ. ಬಿಡಿ ಬಿಡಿಯಾಗಿ ಕೂಡಿಸಿ ಕಟ್ಟಿದ ಯಂತ್ರವನ್ನು ಬಿಡಿ ಬಿಡಿಯಾಗಿಯೇ ಕಳಚಿ ಪರೀಕ್ಷಿಸಬಹುದು ಎಂಬುದು ಹೊಳೆಯುವಷ್ಟರಲ್ಲಿ ತಡವಾಗಿರುತ್ತದೆ.

ಕಟ್ಟುವುದು ಸಾಧ್ಯವಾದದ್ದೇ ಅಳತೆಗಳು ಒಂದಾದ್ದರಿಂದ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾನದಂಡ ಹೊರತಂದಿತು. ಬೋರ್ಡಿನ ತೂತು ಎಲ್ಲಿ, ವಿದ್ಯುತ್ ಕನೆಕ್ಟರಿನ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಎಂಬುದೆಲ್ಲ ಅಲ್ಲಿಂದ ಗೊತ್ತಾದ ಲೆಕ್ಕ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌.ಪಿ. ರೋಡು, ಬೆಳೆದದ್ದು ಇದೇ ಲೆಕ್ಕದ ಮೇಲೆ. ಒಂದು ಅಂಗಡಿಯಲ್ಲಿ ಕ್ಯಾಬಿನೆಟ್, ಪಕ್ಕದ ಗಲ್ಲಿಯಲ್ಲಿ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್, ಮೇಲಿನ ಮಹಡಿಯಲ್ಲಿ ರ್‍ಯಾಮ್ ಕೊಂಡು ರಾತ್ರಿ ಬಸ್ಸಿಗೆ ಊರಿಗೆ ಹೊತ್ತು ತಂದವರು ರಾಜ್ಯದ ತುಂಬ ಇದ್ದಾರೆ. ಡಿಟಿಪಿ ಸೆಂಟರು, ಸ್ಟುಡಿಯೊ, ಸೈಬರ್ ಕೆಫೆಗಳಲ್ಲಿ ‘ಅಸೆಂಬಲ್ಡ್’ ಯಂತ್ರ ವರ್ಷಗಟ್ಟಲೆ ದುಡಿದಿದೆ. ಅದೇ ಮಾನದಂಡ ರಿಪೇರಿಗೂ ದಾರಿ ಮಾಡಿಕೊಟ್ಟಿದೆ. ಒಂದು ಭಾಗ ತೆಗೆದು ಇನ್ನೊಂದು ಹಾಕಿ ನೋಡಬಹುದು.

ತಂತಿಯಲ್ಲಿ ಬಂದದ್ದೇನು?

ಜನ ‘ಹೈ ವೋಲ್ಟೇಜ್ ಬಂತು’ ಎನ್ನುವುದರೊಳಗೆ ಬೇರೆ ಬೇರೆ ಪೆಟ್ಟುಗಳಿವೆ. ಸಿಡಿಲಿನದು ಮೈಕ್ರೊಸೆಕೆಂಡಿನ ಲೆಕ್ಕ. ಸಾಮಾನ್ಯ ಸಿಡಿಲಿನ ಮೊದಲ ಹೊಡೆತದಲ್ಲಿ 30,000 ಆಂಪಿಯರ್ ಆಸುಪಾಸಿನ ಪ್ರವಾಹ ಹರಿಯುತ್ತದೆ. ಅದು ಮನೆಗೇ ಬಡಿಯಬೇಕಾಗಿಲ್ಲ. ಒಂದೆರಡು ಫರ್ಲಾಂಗ್ ದೂರದ ಮರಕ್ಕೆ ಬಡಿದರೂ ಅಲ್ಲಿಂದ ಇಲ್ಲಿಯವರೆಗೆ ಚಾಚಿದ ತಾಮ್ರದ ತಂತಿಗಳಲ್ಲೆಲ್ಲ ವೋಲ್ಟೇಜ್ ಚಿಮ್ಮುತ್ತದೆ. ವಿದ್ಯುತ್ ತಂತಿ ಮಾತ್ರವಲ್ಲ, ಕಂಬದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಮಾಡಿನ ಅಂಚಿಗೆ ಕಟ್ಟಿ ತಂದ ಇಂಟರ್‌ನೆಟ್ ಕೇಬಲ್ಲೂ ತಾಮ್ರವೇ. ಸಾಗರದ ಆ ಮನೆಯಲ್ಲಿ ‘ಟಪ್’ ಎಂದದ್ದು ರೂಟರು. ಅದರಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ವೈರು ಹೋಗಿತ್ತು. ಗುಡುಗಿದಾಗ ಪವರ್ ಪ್ಲಗ್ ಕಿತ್ತು ಲ್ಯಾನ್ ವೈರನ್ನು ಹಾಗೇ ಬಿಡುವ ಮನೆಗಳು ಎಷ್ಟೋ. ಗಾಜಿನ ಎಳೆಯ ಫೈಬರ್ ಆದರೆ ಅದರೊಳಗೆ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಫೈಬರಿನ ಡಬ್ಬಿಗೂ ಗೋಡೆಯ ಸಾಕೆಟ್ಟಿನಿಂದಲೇ ಅಡಾಪ್ಟರ್, ಅದರಿಂದ ಮುಂದಕ್ಕೂ ತಾಮ್ರವೇ.

ಇನ್ನೊಂದು ಪೆಟ್ಟು ನ್ಯೂಟ್ರಲ್ ಕಟ್ಟಾಗುವುದು. ಇದರ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ, ಹಾನಿ ಸಿಡಿಲಿಗೆ ಏನೇನೂ ಕಡಿಮೆಯಲ್ಲ. ಊರಿನ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸು, ಒಂದು ನ್ಯೂಟ್ರಲ್ ಹೊರಡುತ್ತವೆ. ಯಾವುದೇ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400. ಮನೆಗಳನ್ನು ಮೂರೂ ಫೇಸಿಗೆ ಹಂಚಿರುತ್ತಾರೆ. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ತುಂಡಾಯಿತು ಅಂದುಕೊಳ್ಳಿ. ಆಗ ಒಂದು ಫೇಸಿನ ಮನೆ, ಇನ್ನೊಂದು ಫೇಸಿನ ಮನೆ ಸರಪಳಿ ಹಾಕಿದ ಹಾಗೆ ಒಂದರ ಹಿಂದೊಂದು ಸೇರಿಕೊಂಡು ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮಪಾಲಲ್ಲ. ಮಿಕ್ಸರ್, ಗೀಸರ್ ಓಡುತ್ತಿರುವ ಮನೆಗೆ ಕಡಿಮೆ, ಒಂದು ಬಲ್ಬು ಒಂದು ಕಂಪ್ಯೂಟರ್ ಮಾತ್ರ ಇರುವ ಮನೆಗೆ ಹೆಚ್ಚು. ಒಬ್ಬರ ಮನೆಯ ಬಲ್ಬು ಮಿಣಮಿಣ, ಎದುರು ಮನೆಯಲ್ಲಿ ಕಣ್ಣು ಕೋರೈಸುವ ಬೆಳಕು, ಫ್ಯಾನು ಹುಚ್ಚೆದ್ದ ಹಾಗೆ ತಿರುಗಾಟ. ಇದನ್ನು ಕಂಡ ಕ್ಷಣವೇ ಮೇನ್ ಸ್ವಿಚ್ ಇಳಿಸಬೇಕು, ಲೈನ್‌ಮ್ಯಾನ್‌ಗೆ ಫೋನ್ ಆಮೇಲೆ. ಯಾಕೆಂದರೆ ಇದು ಮೈಕ್ರೊಸೆಕೆಂಡಿನಲ್ಲಿ ಮುಗಿಯುವುದಿಲ್ಲ, ತಂತಿ ಕಟ್ಟುವವರೆಗೂ ನಿಮಿಷಗಟ್ಟಲೆ ಹೊಡೆಯುತ್ತಲೇ ಇರುತ್ತದೆ.

ಎಸ್‌ಎಂಪಿಎಸ್ ಒಳಗೆ, ಸ್ಪೈಕ್ ಬಸ್ಟರ್ ಒಳಗೆ ಕಾವಲಿಗೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ಎಂಒವಿ ಎನ್ನುತ್ತಾರೆ. ಅದರ ಮುಖ್ಯ ವಸ್ತು ಸತುವಿನ ಆಕ್ಸೈಡ್. ಆಯುರ್ವೇದದ ಯಶದ ಭಸ್ಮದಲ್ಲಿ ಇರುವುದೂ ಬಹುಪಾಲು ಅದೇ. ಸಾಮಾನ್ಯ ವೋಲ್ಟೇಜಿನಲ್ಲಿ ಈ ಬಿಲ್ಲೆ ಕಲ್ಲಿನಂತೆ ಸುಮ್ಮನಿರುತ್ತದೆ. ಮಿತಿ ಮೀರಿತೋ, ತಾನೇ ದಾರಿ ಬಿಟ್ಟುಕೊಟ್ಟು ಹೆಚ್ಚುವರಿ ಪ್ರವಾಹವನ್ನು ಪಕ್ಕಕ್ಕೆ ಹರಿಸುತ್ತದೆ. ಪ್ರತಿ ಪೆಟ್ಟಿಗೂ ಸ್ವಲ್ಪ ಸವೆಯುತ್ತದೆ. ಸಿಡಿಲಿನ ಚುಟುಕು ಪೆಟ್ಟಿಗೆ ಹೇಳಿ ಮಾಡಿಸಿದ ಈ ಕಾವಲುಗಾರನಿಗೆ ನ್ಯೂಟ್ರಲ್ ಕಟ್ಟಾದಾಗಿನ ನಿರಂತರ ಹೊಡೆತ ತಡೆಯುವ ಶಕ್ತಿ ಇಲ್ಲ. ಅದು ಸೀಳಿ, ಜೊತೆಗೆ ಫ್ಯೂಸನ್ನೂ ಸುಟ್ಟುಕೊಂಡು ಸಾಯುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಹಿಂದಿನ ಎಲ್ಲವನ್ನೂ ಉಳಿಸಿರುತ್ತದೆ.

ಯುಪಿಎಸ್ ಇತ್ತಲ್ಲ ಎಂದು ಫೋಟೊಗ್ರಾಫರ್ ಕೇಳಿದ್ದು ಸಹಜ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್‌ಗಳು ಹೆಚ್ಚಾಗಿ ಆಫ್‌ಲೈನ್ ಅಥವಾ ಲೈನ್ ಇಂಟರಾಕ್ಟಿವ್ ಜಾತಿಯವು. ಕರೆಂಟು ಇರುವಾಗ ಅವು ಹೊರಗಿನ ವಿದ್ಯುತ್ತನ್ನೇ ಒಳಗೆ ದಾಟಿಸುತ್ತವೆ. ಕರೆಂಟು ಹೋದಾಗ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡ್ ಬೇಕು. ಸಿಡಿಲಿನ ಪೆಟ್ಟು ಅದಕ್ಕಿಂತ ಎಷ್ಟೋ ಪಟ್ಟು ಬೇಗ ಬಂದು ಹೋಗಿರುತ್ತದೆ.

ಬೆಳಗಿನ ಕೆಲಸ

ಹುಡುಗ ಬಂದವನು ಕ್ಯಾಬಿನೆಟ್ ಬಿಚ್ಚಲಿಲ್ಲ. ಮೊದಲು ಗೋಡೆಯ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದ. ಫೇಸು–ನ್ಯೂಟ್ರಲ್ ನಡುವೆ 234. ಸರಿ. ಫೇಸು–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಬರಲಿಲ್ಲ. 150ರ ಆಸುಪಾಸು ಓಲಾಡುತ್ತಿತ್ತು. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕಾದ ಕಡೆ ಎಂಬತ್ತು ಚಿಲ್ಲರೆ. ಅಂದರೆ ಅರ್ಥ್ ಹೆಸರಿಗೆ ಮಾತ್ರ.

“ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತಿತ್ತಾ ಮಾವ?”

“ಎರಡು ವರ್ಷದಿಂದ ಅಂತಿದೆ. ಚಪ್ಪಲಿ ಹಾಕ್ಕೊಂಡು ಕೂರ್ತಿದ್ದೆ.”

ಕರ್ನಾಟಕದ ಮನೆ ಮನೆಯಲ್ಲಿ ಗೊತ್ತಿರುವ ಈ ‘ಜುಮ್’ಗೆ ಕಾರಣ ಖಚಿತವಾಗಿದೆ. ಎಸ್‌ಎಂಪಿಎಸ್ ಒಳಬಾಗಿಲಲ್ಲಿ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಲೋಹದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಕವಚಕ್ಕೆ. ಕವಚ ಅರ್ಥ್‌ಗೆ ಸೇರಿದ್ದರೆ ಏನೂ ಗೊತ್ತಾಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಕವಚ ಎರಡರ ನಡುವೆ ತೇಲುತ್ತ 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಪ್ರವಾಹ ಬಹಳ ಕಡಿಮೆ, ಹಾಗಾಗಿ ಜೀವ ತೆಗೆಯುವುದಿಲ್ಲ, ಮೈ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿದರೆ ಅದು ಗೊತ್ತಾಗುವುದು ನಿಲ್ಲುತ್ತದೆ, ಅಷ್ಟೇ. ಇದನ್ನು ಸಹಿಸಿಕೊಂಡು ಕೂರುವುದು ತಪ್ಪು ಎಂದು ಎಷ್ಟು ಸಲ ಹೇಳಿದರೂ ಸಾಲದು. ಪೆಟ್ಟು ಬಂದಾಗ ಹೆಚ್ಚುವರಿ ವಿದ್ಯುತ್ ಇಳಿದುಹೋಗಲು ಇರುವ ದಾರಿಗಳಲ್ಲಿ ಮುಖ್ಯವಾದದ್ದೇ ಅರ್ಥ್. ಅದು ತುಂಡಾಗಿದ್ದರೆ ಸಾವಿರಾರು ರೂಪಾಯಿಯ ಸರ್ಜ್ ಪ್ರೊಟೆಕ್ಟರ್ ಕೂಡ ತನ್ನ ಅರ್ಧ ಕೆಲಸ ಮಾಡಲಾರದು.

ಹಿತ್ತಿಲಿನ ಅರ್ಥ್ ಗುಂಡಿಯ ಬಳಿ ಹೋಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಇದ್ದಿಲು, ಉಪ್ಪು ತುಂಬಿ ಪೈಪ್ ಹೂತು ವರ್ಷಗಳಾಗಿವೆ. ನೆಲದ ತೇವ ಹಿಡಿದಿಡಲು ಹಾಕಿದ ಅದೇ ಉಪ್ಪು ಕ್ಲ್ಯಾಂಪಿನ ಬಳಿ ಕಬ್ಬಿಣದ ತಂತಿಯನ್ನು ತಿಂದು ಹಾಕಿದೆ. ಕೈಯಲ್ಲಿ ಹಿಡಿದರೆ ಕೆಂಪು ಪುಡಿ ಉದುರಿ ತುದಿ ಕಳಚಿ ಬಂತು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಹಳಬರು ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದುದು ಇದಕ್ಕೇ.

ಪೇಪರ್ ಕ್ಲಿಪ್ಪಿನ ಪರೀಕ್ಷೆ

ಈಗ ಕ್ಯಾಬಿನೆಟ್ ಬಿಚ್ಚುವ ಸರದಿ. ಮೊದಲ ಪರೀಕ್ಷೆ ಮೂಗಿನದು. ಎಸ್‌ಎಂಪಿಎಸ್ ಜಾಲರಿಯ ಬಳಿ ಮೂಗು ಹಿಡಿದರೆ ಸುಟ್ಟ ಭಾಗದ ಕಮಟು ದಿನಗಟ್ಟಲೆ ಉಳಿದಿರುತ್ತದೆ. ಆಮೇಲೆ ಕಣ್ಣು: ಬೋರ್ಡಿನ ಮೇಲೆ ಕರಕಲು ಗುರುತು, ತಲೆ ಉಬ್ಬಿದ ಕೆಪಾಸಿಟರು, ಲ್ಯಾನ್ ಪೋರ್ಟಿನ ಸುತ್ತ ಮಸಿ. ಇಲ್ಲಿ ಎಸ್‌ಎಂಪಿಎಸ್‌ಗೆ ವಾಸನೆ ಇರಲಿಲ್ಲ. ಲ್ಯಾನ್ ಪೋರ್ಟಿನ ಹಿಂದಿನ ಪುಟ್ಟ ಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ತೂತು ಬಿದ್ದಿತ್ತು.

ಎಸ್‌ಎಂಪಿಎಸ್ ಬದುಕಿದೆಯೇ ಎಂದು ತಿಳಿಯಲು ಹುಡುಗ ಪ್ಲಗ್ ಕಿತ್ತು, ಅದರ ಎಲ್ಲ ವೈರುಗಳನ್ನೂ ಬೋರ್ಡು, ಡಿಸ್ಕು, ಗ್ರಾಫಿಕ್ಸ್ ಕಾರ್ಡುಗಳಿಂದ ಬಿಡಿಸಿ ಮೇಜಿನ ಮೇಲಿಟ್ಟ. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ವೈರು ಒಂದೇ ಇರುತ್ತದೆ, ಎಲ್ಲ ವೈರೂ ಕಪ್ಪಾಗಿದ್ದರೆ ಅದು 16ನೇ ಪಿನ್ನು. ಬೋರ್ಡು ಎಸ್‌ಎಂಪಿಎಸ್‌ಗೆ ‘ಏಳು’ ಎಂದು ಹೇಳುವುದು ಈ ವೈರನ್ನು ನೆಲಕ್ಕೆ, ಅಂದರೆ ಕಪ್ಪು ವೈರಿಗೆ, ಸೇರಿಸಿ. ಹುಡುಗ ಪೇಪರ್ ಕ್ಲಿಪ್ ಒಂದನ್ನು ಯು ಆಕಾರಕ್ಕೆ ಬಗ್ಗಿಸಿ ಒಂದು ತುದಿ ಹಸಿರಿಗೆ, ಇನ್ನೊಂದನ್ನು ಪಕ್ಕದ ಕಪ್ಪಿಗೆ ಸಿಕ್ಕಿಸಿ, ಕೈ ತೆಗೆದು, ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಫ್ಯಾನು ಒಂದು ಕ್ಷಣ ತಡವರಿಸಿ ತಿರುಗತೊಡಗಿತು. ತಿರುಗುತ್ತಲೇ ಇತ್ತು.

ಫ್ಯಾನು ತಿರುಗಿತೆಂದರೆ ಎಲ್ಲ ಸರಿ ಎಂದಲ್ಲ. ಮಲ್ಟಿಮೀಟರಿನ ಕಪ್ಪು ಮೊನೆ ಕಪ್ಪು ವೈರಿಗೆ, ಕೆಂಪು ಮೊನೆ ಒಂದೊಂದೇ ಬಣ್ಣಕ್ಕೆ. ಹಳದಿಯಲ್ಲಿ 12.1, ಕೆಂಪಿನಲ್ಲಿ 5.04, ಕಿತ್ತಳೆಯಲ್ಲಿ 3.3. ಶೇ 5ರ ಹೆಚ್ಚುಕಡಿಮೆ ಮಾನದಂಡವೇ ಒಪ್ಪಿದ ಮಿತಿ. ಹಳದಿ 11.4ಕ್ಕಿಂತ ಕೆಳಗಿಳಿದರೆ, 12.6 ದಾಟಿದರೆ ಅದನ್ನು ನಂಬುವ ಹಾಗಿಲ್ಲ. ನೇರಳೆ ವೈರಿನದು ವಿಶೇಷ: ಕಂಪ್ಯೂಟರ್ ಆಫ್ ಇದ್ದಾಗಲೂ ಪ್ಲಗ್ ಹಾಕಿದ್ದರೆ ಅದರಲ್ಲಿ 5 ವೋಲ್ಟ್ ಇರುತ್ತದೆ. ಪವರ್ ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಈ ಅರೆನಿದ್ದೆಯ ವಿದ್ಯುತ್ತಿನಿಂದ. ಸಿಡಿಲಿನ ಪೆಟ್ಟಿಗೆ ಇದೊಂದೇ ಭಾಗ ಸತ್ತು, ಉಳಿದದ್ದೆಲ್ಲ ಸರಿಯಿದ್ದೂ ಯಂತ್ರ ಮಿಸುಕದಿರುವುದುಂಟು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದಾಗ 325 ಆಗುತ್ತದೆ, ಇತ್ತೀಚಿನ ಎಸ್‌ಎಂಪಿಎಸ್‌ಗಳಲ್ಲಿ 380ರ ಮೇಲೂ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಅನುಭವಿ ರಿಪೇರಿಗಾರರು ಸಂಶಯದ ಎಸ್‌ಎಂಪಿಎಸ್‌ ಅನ್ನು ನೇರ ಸಾಕೆಟ್ಟಿಗೆ ಹಾಕುವುದೇ ಇಲ್ಲ. ಅವರ ಮೇಜಿನ ಮೇಲೆ ‘ಸೀರೀಸ್ ಬೋರ್ಡ್’ ಇರುತ್ತದೆ, ಅದರಲ್ಲಿ 100 ವಾಟಿನ ಹಳೆಯ ತಂತಿ ಬಲ್ಬು. ವಿದ್ಯುತ್ತು ಬಲ್ಬಿನ ಮೂಲಕ ಹಾದು ಎಸ್‌ಎಂಪಿಎಸ್‌ಗೆ ಹೋಗುತ್ತದೆ. ಬಲ್ಬು ಒಮ್ಮೆ ಮಿನುಗಿ ಆರಿದರೆ ಸರಿ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆ. ಸ್ಫೋಟವಾಗಬೇಕಾದ್ದನ್ನು ಒಂದು ಬಲ್ಬು ಬೆಳಕಾಗಿ ನುಂಗಿಕೊಳ್ಳುತ್ತದೆ.

ಇನ್ನೆರಡು ಎಚ್ಚರಿಕೆ. ಪೆಟ್ಟು ತಿಂದ ಎಸ್‌ಎಂಪಿಎಸ್‌ ಅನ್ನು ಗೆಳೆಯನ ಚೆನ್ನಾಗಿರುವ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಬಾರದು, ಅದು ಅವನ ಬೋರ್ಡನ್ನೂ ಒಯ್ಯಬಹುದು. ಗೆಳೆಯನ ಎಸ್‌ಎಂಪಿಎಸ್ ತಂದು ಇಲ್ಲಿ ಹಾಕಿ ನೋಡುವುದೇ ಮೇಲು. ಹಾಗೆ ತರುವಾಗ ವೈರುಗಳನ್ನೂ ಅದರ ಜೊತೆಗೇ ತರಬೇಕು. ಕಳಚಬಹುದಾದ ಮಾಡ್ಯುಲರ್ ವೈರುಗಳು ನೋಡಲು ಒಂದೇ ಥರ, ಆದರೆ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದಕ್ಕೆ ಮಾನದಂಡವಿಲ್ಲ. ಬೇರೆ ಕಂಪನಿಯ ವೈರು ಸಿಕ್ಕಿಸಿ, 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ, ಸಿಡಿಲಿಗೂ ಉಳಿದಿದ್ದ ಡಿಸ್ಕುಗಳನ್ನು ಕಳೆದುಕೊಂಡವರಿದ್ದಾರೆ.

ಫ್ಯಾನು ತಿರುಗಿದರೂ ಕಪ್ಪು

ಸಾಗರದ ಯಂತ್ರದ್ದು ಅರ್ಧ ಸುತ್ತಿನ ರೋಗ. ಅದಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೊಂದು. ಫ್ಯಾನುಗಳೆಲ್ಲ ತಿರುಗುತ್ತವೆ, ದೀಪಗಳು ಉರಿಯುತ್ತವೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಇಲ್ಲಿ ಆಸೆ ಜಾಸ್ತಿ ಇಟ್ಟುಕೊಳ್ಳಬಹುದು.

ಮೊದಲ ಪ್ರಶ್ನೆ, ಕಂಪ್ಯೂಟರ್ ನಿಜವಾಗಿಯೂ ನಿಂತಿದೆಯೇ ಅಥವಾ ಮಾನಿಟರೇ ಕುರುಡಾಗಿದೆಯೇ? ಕೀಬೋರ್ಡಿನ ನಮ್‌ಲಾಕ್ ಒತ್ತಿ ನೋಡಿದರೆ ಸಾಕು. ಒತ್ತಿದಂತೆಲ್ಲ ದೀಪ ಹೊತ್ತಿ ಆರುತ್ತಿದ್ದರೆ ಪ್ರೊಸೆಸರ್ ಬದುಕಿದೆ, ತೊಂದರೆ ಇರುವುದು ಪರದೆಯ ಕಡೆ. ಮಾನಿಟರ್ ‘ನೋ ಸಿಗ್ನಲ್’ ಎಂದು ತೋರಿಸುತ್ತಿದ್ದರೆ ಅದಕ್ಕೆ ಜೀವವಿದೆ, ಕೇಬಲ್ಲಿನಲ್ಲಿ ಚಿತ್ರ ಬರುತ್ತಿಲ್ಲ. ಅದೇ ಕೇಬಲ್ಲನ್ನು ಸೆಟ್‌ಟಾಪ್ ಬಾಕ್ಸಿಗೋ ಲ್ಯಾಪ್‌ಟಾಪಿಗೋ ಹಾಕಿದರೆ ಮಾನಿಟರಿನ ಪೋರ್ಟ್ ಸರಿಯಿದೆಯೇ ಎಂಬುದೂ ತಿಳಿಯುತ್ತದೆ. ಗಾಬರಿಯಲ್ಲಿ ಎಲ್ಲ ಕಿತ್ತು ಮತ್ತೆ ಹಾಕುವಾಗ ಎಚ್‌ಡಿಎಂಐ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಬೋರ್ಡಿಗೆ ಹಾಕಿಬಿಡುವುದು ತೀರ ಸಾಮಾನ್ಯ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗ ಕೆಲಸಕ್ಕಿಲ್ಲ. ಫೋಟೊಗ್ರಾಫರ್ ಬಳಿ ಇದ್ದ ಐ5 12400ಎಫ್ ಅಂಥದ್ದೇ. ಅಂಥ ಯಂತ್ರದ ಬೋರ್ಡಿಗೆ ಕೇಬಲ್ ಹಾಕಿ ಯುಗಾದಿಯಿಂದ ದೀಪಾವಳಿಯವರೆಗೆ ಕಾದರೂ ಚಿತ್ರ ಬಾರದು.

ಕಂಪ್ಯೂಟರ್ ಎದ್ದ ಕೂಡಲೇ ತನ್ನ ಅಂಗಾಂಗವನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಪೋಸ್ಟ್ ಎನ್ನುವ ಈ ತಪಾಸಣೆ 1981ರ ಐಬಿಎಂ ಪಿಸಿಯಲ್ಲೂ ಇತ್ತು. ಎಲ್ಲ ಸರಿಯಿದ್ದರೆ ಒಂದು ಚುಟುಕು ‘ಬೀಪ್’. ಇಂದಿನ ಬಹಳಷ್ಟು ಬೋರ್ಡುಗಳಲ್ಲಿ ಆ ದನಿಯ ಜಾಗಕ್ಕೆ ನಾಲ್ಕು ಪುಟ್ಟ ದೀಪಗಳು ಬಂದಿವೆ: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್. ತಪಾಸಣೆ ಎಲ್ಲಿ ನಿಂತಿತೋ ಆ ದೀಪ ಉರಿದೇ ಇರುತ್ತದೆ. ಇದನ್ನು ನೋಡದೆ ಅಂದಾಜಿನ ಮೇಲೆ ಹೊಸ ರ್‍ಯಾಮ್ ಕೊಳ್ಳುವುದು ದುಡ್ಡು ಕಳೆದುಕೊಳ್ಳುವ ದಾರಿ.

ಡಿರ್‍ಯಾಮ್ ದೀಪ ಉರಿದರೆ ಕೆಲಸ ಕೈಗೆಟುಕುವಂಥದ್ದು. ಪ್ಲಗ್ ಕಿತ್ತು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ರ್‍ಯಾಮ್ ಕಡ್ಡಿಗಳನ್ನು ಕ್ಲಿಪ್ ಅದುಮಿ ತೆಗೆದು, ಬಂಗಾರ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ, ಒಂದೇ ದಿಕ್ಕಿಗೆ ಉಜ್ಜಬೇಕು. ರಬ್ಬರಿನ ಪುಡಿ ಕಪ್ಪಾಗಿ ಉದುರುತ್ತದೆ, ಮಲೆನಾಡಿನ ತೇವಕ್ಕೆ ಕೂತ ಕೊಳೆ ಅದು. ಪುಡಿ ಪೂರ್ತಿ ಒರೆಸಿ, ಒಂದೇ ಕಡ್ಡಿಯನ್ನು ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಇಟ್ಟು ಎರಡು ಹೆಬ್ಬೆರಳಿನಿಂದ ಅದುಮಿದರೆ ‘ಟಕ್’ ಎಂದು ಕೂರಬೇಕು. ಆ ಟಕ್ ಕೇಳಿಸದಿದ್ದರೆ ಅದು ಕೂತಿಲ್ಲ. ಅದರಲ್ಲೂ ಬರದಿದ್ದರೆ ಇನ್ನೊಂದು ಕಡ್ಡಿ. ಒಮ್ಮೆಗೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯದು.

ವಿದ್ಯುತ್ ಏರುಪೇರಿಗೆ, ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನ ಸೆಟ್ಟಿಂಗು ಕಲಸಿಹೋಗಿರುವುದೂ ಉಂಟು. ಬೋರ್ಡಿನ ಮೇಲಿನ ಒಂದು ರೂಪಾಯಿ ನಾಣ್ಯದಗಲದ ಸಿಆರ್‌2032 ಬ್ಯಾಟರಿಯನ್ನು ಪ್ಲಗ್ ಕಿತ್ತಿರುವಾಗ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೆ ಬಯೋಸ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಇದರ ನಂತರ ಮೊದಲ ಸಲ ಏಳುವಾಗ ಡಿಡಿಆರ್5 ರ್‍ಯಾಮ್ ಇರುವ ಯಂತ್ರಗಳು ಕೆಲವು ನಿಮಿಷ ಕಪ್ಪಾಗಿಯೇ ಇರುತ್ತವೆ. ರ್‍ಯಾಮಿನ ಜೊತೆ ಲಯ ಹೊಂದಿಸಿಕೊಳ್ಳುತ್ತಿರುತ್ತವೆ. ಆಗ ತಾಳ್ಮೆಗೆಟ್ಟು ಪ್ಲಗ್ ಕೀಳಬಾರದು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಬೀಗ ಇದ್ದವರಿಗೆ ಬಯೋಸ್ ಅಳಿಸಿದ ಮೇಲೆ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಂಡರೆ ಒಳ್ಳೆಯದು.

ಒಂದೊಂದಾಗಿ ಕಳಚಿದಾಗ

ಮತ್ತೆ ಸಾಗರದ ಮನೆಗೆ. ಎಸ್‌ಎಂಪಿಎಸ್ ಸರಿಯಿದೆ, ಆದರೂ ಬೋರ್ಡಿಗೆ ಹಾಕಿದರೆ ಅರ್ಧ ಸುತ್ತು, ನಿಲುಗಡೆ. ಇದರರ್ಥ ಎಸ್‌ಎಂಪಿಎಸ್ ಎದುರಿಗೆ ಎಲ್ಲೋ ಶಾರ್ಟ್ ಕಂಡು, ಹೆಚ್ಚು ಪ್ರವಾಹ ಹರಿಯುವ ಮೊದಲೇ ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿದೆ. ರಾತ್ರಿ ಮಾವ ಬಟನ್ ಒತ್ತಿದ ಹತ್ತು ಸಲವೂ ಆ ಶಾರ್ಟಿಗೇ ವಿದ್ಯುತ್ ನುಗ್ಗಿತ್ತು. ಶಾರ್ಟ್ ಎಲ್ಲಿ? ಬೋರ್ಡೇ ಆಗಿದ್ದರೆ ಖರ್ಚು ದೊಡ್ಡದು. ಬೋರ್ಡಿಗೆ ತಗುಲಿಕೊಂಡ ಯಾವುದೋ ಒಂದು ಭಾಗವಾಗಿದ್ದರೆ ಬದುಕಿದಂತೆ.

ಹುಡುಗ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟ. ಪ್ರೊಸೆಸರು, ಅದರ ಫ್ಯಾನು, ಒಂದು ರ್‍ಯಾಮು, 24 ಪಿನ್ನಿನ ವೈರು, ಪ್ರೊಸೆಸರಿನ 8 ಪಿನ್ನಿನ ವೈರು. ಇಷ್ಟೇ. ಗ್ರಾಫಿಕ್ಸ್ ಕಾರ್ಡು, ಡಿಸ್ಕುಗಳು, ಯುಎಸ್‌ಬಿ, ಲ್ಯಾನ್ ಎಲ್ಲ ದೂರ. ಬಟನ್ ಇಲ್ಲದ್ದರಿಂದ ಪವರ್ ಸ್ವಿಚ್‌ನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿದ.

ಫ್ಯಾನು ತಿರುಗಿತು. ನಿಲ್ಲಲಿಲ್ಲ. ದೀಪಗಳು ಸಿಪಿಯು, ಡಿರ್‍ಯಾಮ್ ದಾಟಿ ವಿಜಿಎ ಬಳಿ ಬಂದು ನಿಂತವು. ಎಫ್ ಪ್ರೊಸೆಸರಿಗೆ ಕಾರ್ಡಿಲ್ಲದೆ ಅಲ್ಲಿ ನಿಲ್ಲಲೇಬೇಕು. ಅಂದರೆ ಪ್ರೊಸೆಸರು ಸರಿ, ರ್‍ಯಾಮು ಸರಿ, ಬೋರ್ಡಿನ ಮುಖ್ಯ ಭಾಗವೂ ಸರಿ. ಮಾವ ಅಲ್ಲಿಯವರೆಗೆ ನಿಂತೇ ಇದ್ದವರು ಕುರ್ಚಿ ಎಳೆದುಕೊಂಡು ಕೂತರು.

ಕಾರ್ಡು ಹಾಕಿದರೆ ಬಯೋಸ್ ಪರದೆ ಬಂತು. ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್ ಬಂತು. ಕೊನೆಗೆ ಎರಡು ಟೆರಾಬೈಟಿನ ಹಾರ್ಡ್‌ಡಿಸ್ಕಿಗೆ ವೈರು ಕೊಟ್ಟು ಒತ್ತಿದರೆ ಅದೇ ಅರ್ಧ ಸುತ್ತು. ಡಿಸ್ಕು ಬಿಡಿಸಿದರೆ ಯಂತ್ರ ಏಳುತ್ತದೆ, ಹಾಕಿದರೆ ಬೀಳುತ್ತದೆ. ಆರೋಪಿ ಸಿಕ್ಕಿದ್ದ, ಆದರೆ ಆ ಡಿಸ್ಕಿನಲ್ಲೇ ನಾಲ್ಕು ವರ್ಷದ ಮದುವೆ, ಉಪನಯನ, ಗೃಹಪ್ರವೇಶದ ಫೋಟೊಗಳೆಲ್ಲ ಇದ್ದವು. ಬೇರೆಲ್ಲೂ ನಕಲು ಇರಲಿಲ್ಲ. ಕಂಪ್ಯೂಟರ್ ಹೋಗಿದ್ದರೆ ಇನ್ನೊಂದು ಕಟ್ಟಬಹುದಿತ್ತು, ಬೇರೆಯವರ ಮನೆಯ ಧಾರೆಯನ್ನು ಮತ್ತೆ ಮಾಡಿಸಿ ತೆಗೆಯಲಾಗದು.

ಇಂಥ ಹೊತ್ತಿನಲ್ಲಿ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಹಾರ್ಡ್‌ಡಿಸ್ಕಿನ ಅಡಿಯ ಹಸಿರು ಬೋರ್ಡಿನಲ್ಲಿ, ವಿದ್ಯುತ್ ಒಳಬರುವ ಜಾಗದಲ್ಲೇ, ಟಿವಿಎಸ್ ಡಯೋಡ್ ಎಂಬ ಅಕ್ಕಿಕಾಳಿನಷ್ಟು ಕಪ್ಪು ಭಾಗಗಳಿರುತ್ತವೆ. 12 ವೋಲ್ಟಿಗೊಂದು, 5 ವೋಲ್ಟಿಗೊಂದು. ಮಿತಿ ಮೀರಿದ ವೋಲ್ಟೇಜ್ ಬಂದರೆ ಅದು ತನ್ನನ್ನೇ ಶಾರ್ಟ್ ಮಾಡಿಕೊಂಡು ಪೆಟ್ಟನ್ನು ನೆಲಕ್ಕಿಳಿಸುತ್ತದೆ. ಪೆಟ್ಟು ದೊಡ್ಡದಾದರೆ ಶಾರ್ಟಾಗಿಯೇ ಉಳಿದುಬಿಡುತ್ತದೆ. ಎಷ್ಟೋ ಸಲ ಒಳಗಿನ ತಟ್ಟೆಗಳಿಗೆ, ಅವುಗಳ ಮೇಲಿನ ಮಾಹಿತಿಗೆ ಏನೂ ಆಗಿರುವುದಿಲ್ಲ. ಸತ್ತಂತೆ ಕಾಣುವ ಡಿಸ್ಕು ವಾಸ್ತವದಲ್ಲಿ ಉಳಿದುಕೊಂಡ ಡಿಸ್ಕಾಗಿರಬಹುದು.

ಹುಡುಗ ಮನೆಯಲ್ಲಿ ಪ್ರಯೋಗ ಮಾಡಲಿಲ್ಲ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಶಿವಮೊಗ್ಗದ ಚಿಪ್ ಲೆವೆಲ್ ರಿಪೇರಿಯವರಲ್ಲಿಗೆ ಒಯ್ದ. ಅವರು ಮಲ್ಟಿಮೀಟರನ್ನು ‘ಬೀಪ್’ ಗುರುತಿಗೆ ತಿರುಗಿಸಿ ಎರಡು ಕಾಳುಗಳ ಮೇಲೂ ಮೊನೆ ಇಟ್ಟರು. 12 ವೋಲ್ಟಿನದು ಕಿರುಚಿತು, 5 ವೋಲ್ಟಿನದು ಸುಮ್ಮನಿತ್ತು. ಬಿಸಿಗಾಳಿಯಿಂದ ಆ ಒಂದು ಕಾಳನ್ನು ಎತ್ತಿ ತೆಗೆದು ವಿದ್ಯುತ್ ಕೊಟ್ಟಾಗ ಡಿಸ್ಕು ಸಣ್ಣಗೆ ಗುಂಯ್‌ಗುಟ್ಟುತ್ತ ತಿರುಗಿತು. ಕಾವಲು ತೆಗೆದ ಡಿಸ್ಕು ಇನ್ನೊಂದು ಪೆಟ್ಟು ತಡೆಯದು, ಈಗಲೇ ಎಲ್ಲ ನಕಲು ಮಾಡಿಕೊಂಡು ಇದನ್ನು ಪಕ್ಕಕ್ಕಿಡಿ ಎಂದು ಹೇಳಿ ಕಳಿಸಿದರು.

ಲ್ಯಾನ್ ಚಿಪ್ಪನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗಲಿಲ್ಲ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಒಂದನ್ನು ತಂದರು. ಹಿತ್ತಿಲಿನ ಗುಂಡಿಗೆ ಹೊಸ ಕ್ಲ್ಯಾಂಪು, ಹೊಸ ತಂತಿ ಬಿತ್ತು. ಮೀಟರ್ ಬೋರ್ಡಿನ ಪಕ್ಕ ಎಲೆಕ್ಟ್ರೀಷಿಯನ್ ಸಿಡಿಲಿನ ಪೆಟ್ಟು ತಡೆಯುವ ಒಂದು ಎಸ್‌ಪಿಡಿ ಕೂರಿಸಿ ಹೋದರು. ಸಾಕೆಟ್ಟಿನಲ್ಲಿ ಫೇಸು–ಅರ್ಥ್ ನಡುವೆ ಈಗ 233.

ಮರುದಿನ ಮಧ್ಯಾಹ್ನ ಹೊಸ ಡಿಸ್ಕು ಎರಡು ಬಂದವು. ಮೋಡ ಕಟ್ಟುವ ಮೊದಲೇ ಮುಗಿಸಬೇಕೆಂದು ಊಟವಾದ ಕೂಡಲೇ ನಕಲು ಶುರುವಾಯಿತು. ವರ್ಷವಾರು, ಮನೆತನವಾರು ಹೆಸರಿಟ್ಟ ಫೋಲ್ಡರುಗಳು ಪರದೆಯ ಮೇಲೆ ಒಂದೊಂದಾಗಿ ದಾಟಿಹೋದವು. ಸಂಜೆ ಆರಕ್ಕೆ ಪಡುವಣದಲ್ಲಿ ಗುಡುಗು ಕೇಳಿಸಿದಾಗ ಕೊನೆಯ ಫೋಲ್ಡರ್ ಮುಗಿದಿತ್ತು. ಫೋಟೊಗ್ರಾಫರ್ ಎದ್ದು ಮೊದಲು ಲ್ಯಾನ್ ವೈರು ಕಿತ್ತರು, ಆಮೇಲೆ ಪವರ್ ಪ್ಲಗ್. ಧಾರೆಯ ಪುಟವನ್ನು ಮಾರನೆಯ ಬೆಳಿಗ್ಗೆ ಜೋಡಿಸಿದರು.